ಚೀಟಿ ಬಿದ್ದ ಮೇಲೆ

ಬಾಯಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಜೊತೆಯಲ್ಲಿ ಕೊಡುವ ಕೀಮೋವನ್ನು ಮೂರು ವಾರಕ್ಕೊಮ್ಮೆ ದೊಡ್ಡ ಪ್ರಮಾಣದಲ್ಲಿ ಕೊಡುವುದು ಮೇಲೋ, ವಾರವಾರವೂ ಸ್ವಲ್ಪಸ್ವಲ್ಪ ಕೊಡುವುದು ಮೇಲೋ ಎಂದು ಶಿಷ್ಯೆ ಕೇಳಿದಳು. ಗುರುಗಳು ಹಿರಿಯ ವೈದ್ಯರು. ನೇರ ಉತ್ತರ ಕೊಡದೆ ಕತೆ ಹೇಳಿದರು.

ಒಂದು ಆಸ್ಪತ್ರೆಯಲ್ಲಿ ಇದನ್ನೇ ಪರೀಕ್ಷೆ ಮಾಡಲು ಹೊರಟರು. ನಿಯಮ ಒಂದೇ: ಯಾರಿಗೆ ಯಾವ ಕ್ರಮ ಎಂಬುದನ್ನು ಕಣ್ಣುಮುಚ್ಚಿ ಎತ್ತಿದ ಚೀಟಿ ಹೇಳಬೇಕು, ಚೀಟಿ ಬಿದ್ದ ಮೇಲೆ ಯಾರೂ ಕೈ ಹಾಕಕೂಡದು. ಅದನ್ನು ಎಲ್ಲರೂ ಮುರಿದರು. ದುರಾಸೆಯಿಂದಲ್ಲ, ಕರುಣೆಯಿಂದ.

ಒಬ್ಬ ಗಾರೆ ಕೆಲಸದವನಿಗೆ ವಾರದ ಚೀಟಿ ಬಿತ್ತು. ಆಳು ಗಟ್ಟಿ, ತಡೆದುಕೊಳ್ಳುತ್ತಾನೆ, ಚೆನ್ನಾಗಿ ಗುಣವಾಗಲಿ ಎಂದು ವೈದ್ಯ ಅವನನ್ನು ದೊಡ್ಡ ಪ್ರಮಾಣಕ್ಕೆ ಹಾಕಿದ. ಒಬ್ಬ ಮುದುಕಿಗೆ ದೊಡ್ಡದು ಬಿತ್ತು. ಅಜ್ಜಿ ತಾಳಲಾರಳು ಎಂದು ನರ್ಸ್ ಅವಳನ್ನು ವಾರದ ಗುಂಪಿಗೆ ದಾಟಿಸಿದಳು. ಗಟ್ಟಿಯವರು ಒಂದು ಕಡೆ, ಸೊರಗಿದವರು ಇನ್ನೊಂದು ಕಡೆ ಆದರು.

ಆಮೇಲೆ ಒಬ್ಬ ಪಿಟೀಲು ಮೇಷ್ಟರು ಬಂದರು. ನಾಲಿಗೆಯ ಕ್ಯಾನ್ಸರು, ಮಾತು ತೊದಲುತ್ತಿತ್ತು. ಈ ಔಷಧಿ ಕಿವಿ ಕೆಡಿಸಬಹುದು ಎಂದು ತಿಳಿದೇ ಒಪ್ಪಿದ್ದರು. ಅವರಿಗೆ ದೊಡ್ಡ ಪ್ರಮಾಣದ ಚೀಟಿ ಬಿತ್ತು. ವೈದ್ಯ ಹಿಂದೆ ಅವರಲ್ಲಿ ಪಿಟೀಲು ಕಲಿತವನು.

"ಮೇಷ್ಟ್ರೇ, ವಾರದ್ದು ಕಿವಿಗೆ ಅಷ್ಟು ತೊಂದರೆ ಮಾಡಲ್ಲ ಅಂತಾರೆ. ಬದಲಾಯಿಸಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ಅಂತಾರೆ, ಅಷ್ಟೇ ತಾನೆ? ಗೊತ್ತಿದ್ದರೆ ಚೀಟಿ ಯಾಕೋ ಎತ್ತಿಸಿದೆ? ಪಾಠದಲ್ಲೂ ನಿನ್ನದು ಇದೇ ಚಾಳಿ. ಸ್ವರದಲ್ಲಿ ಸಂದೇಹ ಬಂದರೆ ಪಕ್ಕದವನ ಬೆರಳು ನೋಡ್ತಿದ್ದೆ."

"ನಿಮ್ಮ ಕಿವಿ ಹೋದರೆ ಏನು ಗತಿ?"

"ಹೊರಗೆ ಕೂತಿರೋ ಗಾರೆಯವನು ಹೇಳಿದ, ಅವನ ಚೀಟಿ ಬದಲಾಯಿಸಿದೆಯಂತೆ. ಅವನದು ಕಿವಿ ಅಲ್ವೇನೋ?"

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಕೊನೆಗೆ ಯಾವ ಕ್ರಮ ಗೆದ್ದಿತು?" ಎಂದಳು ಶಿಷ್ಯೆ.

"ದೊಡ್ಡ ಪ್ರಮಾಣ ಎಂದು ಬರೆದರು. ಗೆದ್ದದ್ದು ಗಾರೆಯವನ ಮೈಕಟ್ಟು."

"ಎಲ್ಲರೂ ಕೈ ಹಾಕಿದ ಮೇಲೆ ಮೇಷ್ಟರೊಬ್ಬರು ಬೇಡ ಅಂದರೆ ಏನು ಬಂತು?"

"ಮೇಷ್ಟರು ವರಾಂಡಕ್ಕೆ ಹೋಗಿ, ಸಾಲಿನಲ್ಲಿ ಕೂತವರಿಗೆಲ್ಲ ಕೇಳುವಂತೆ ತೊದಲುತ್ತಲೇ ತಮ್ಮ ಚೀಟಿಯನ್ನು ಓದಿ, ಅಂಗಿಯ ತೋಳು ಮಡಚಿ ನರ್ಸಿನ ಮುಂದೆ ಕೈ ಚಾಚಿದರು."