ಪೂರ್ತಿ ಕೇಳಿದ ಕಿವಿ

ಕಿವಿ ಪರೀಕ್ಷೆಯ ಕೋಣೆಯಲ್ಲಿ ಒಂದು ಕಂಪ್ಯೂಟರೂ ಅದಕ್ಕೆ ಜೋತುಬಿದ್ದ ಹೆಡ್‌ಫೋನೂ ಇದ್ದವು. ತನ್ನಷ್ಟು ಕಿವಿ ಬಲ್ಲವರು ಈ ಜಿಲ್ಲೆಯಲ್ಲೇ ಇಲ್ಲ ಎಂದು ಹೆಡ್‌ಫೋನ್ ಬೀಗುತ್ತಿತ್ತು. ಬೀಗಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಒಂದು ದಿನ ಹೆರಿಗೆ ವಾರ್ಡಿನ ಆಯಾ ನಿಂಗವ್ವ ಬಂದು ಕೂತಳು. ಕಿವಿ ಮಂದವೆಂದು ಬರೆದರೆ ಅವಳ ಕೆಲಸ ಹೋಗುತ್ತಿತ್ತು. ಸದ್ದು ಕೇಳಿದರೆ ಗುಂಡಿ ಒತ್ತಿ ಎಂದು ಪಕ್ಕದಲ್ಲಿ ಕೂತ ಕಿವಿ ತಜ್ಞೆ ಹೇಳಿದ್ದಳು. ಅವಳೋ ಪ್ರತಿ ಸದ್ದೂ ಪೂರ್ತಿ ಮುಗಿದ ಮೇಲೆ, ಇನ್ನೊಂದು ಗಳಿಗೆ ತಡೆದು ಒತ್ತುತ್ತಿದ್ದಳು.

"ಕೇಳಿಸಿಲ್ಲ," ಎಂದು ಬರೆಯಿತು ಕಂಪ್ಯೂಟರ್. "ಇದೂ ಕೇಳಿಸಿಲ್ಲ."

ಹೆಡ್‌ಫೋನಿಗೆ ಮೈಯೆಲ್ಲ ಉರಿಯಿತು. "ಏನಯ್ಯಾ, ಹಸಿ ಸುಳ್ಳು ಬರೀತೀಯಲ್ಲ! ಆ ಕಿವಿಯ ಮೇಲೆ ಕೂತಿರೋನು ನಾನು. ಸದ್ದು ಬಂದಾಗಲೆಲ್ಲ ಅವಳು ಉಸಿರು ಬಿಗಿಹಿಡಿದು..."

"ಗಡುವು ಮೀರಿದ ಉತ್ತರ ಉತ್ತರವಲ್ಲ."

"ನನ್ನ ಮಾತು ಮುಗೀಲಿ..."

"ಪರೀಕ್ಷೆ ಮುಗಿಯಿತು. ಇವಳು ಕಿವುಡಿ."

ಅಷ್ಟು ಹೊತ್ತೂ ನಿಂಗವ್ವನ ಹೆಬ್ಬೆರಳನ್ನೇ ನೋಡುತ್ತಿದ್ದ ತಜ್ಞೆ ಕೇಳಿದಳು: "ಯಾಕವ್ವಾ, ತಡಮಾಡಿ ಒತ್ತಿದ್ರಿ?"

"ಅದು ಮಾತಾಡೂ ಮುಂದ ನಡುವ ಬಾಯಿ ಹಾಕಿದ್ರ ಚಲೋ ಇರ್ತದೇನ್ರಿ ಅಕ್ಕಾರ? ಪೂರ್ತಿ ಕೇಳೇ ಒತ್ತೀನಿ."

ತಜ್ಞೆ ಆ ವರದಿಯನ್ನು ಅಳಿಸಿ, ಒಂದೊಂದೇ ಸದ್ದನ್ನು ತನ್ನ ಕೈಯಾರೆ ಕೊಟ್ಟು, ನಿಂಗವ್ವ ಒತ್ತುವ ತನಕ ಕಾದಳು. ಒಂದೂ ತಪ್ಪಲಿಲ್ಲ.

"ನೋಡಿದೆಯೇನಯ್ಯಾ?" ಎಂದು ಹೆಡ್‌ಫೋನ್ ಗುಡುಗಿತು. "ಈ ಕೋಣೆಯಲ್ಲಿ ಕಿವಿ ಕೇಳದೋರು ಒಬ್ಬರು ಇರೋದು ನಿಜ. ಅವರು ಯಾರು ಅಂದರೆ..."

"ಗಡುವು ಮೀರಿತು," ಎಂದಿತು ಕಂಪ್ಯೂಟರ್.