ತಂಪು ನಿಂತ ಲಾರಿ

"ಅಜ್ಜಾರೇ, ತನ್ನ ತಪ್ಪು ತನಗೆ ಗೊತ್ತಾಗುವುದು ಹೇಗೆ?" ಎಂದು ರಾಚಪ್ಪ ಕೇಳಿದ.

ಹೆದ್ದಾರಿಯ ಪಕ್ಕದ ಸಣ್ಣ ಮಠ ಅದು. ಅಲ್ಲಿಯ ಸ್ವಾಮಿಗಳನ್ನು ಎಲ್ಲರೂ ಅಜ್ಜನವರು ಎನ್ನುತ್ತಿದ್ದರು. ರಾಚಪ್ಪ ಅವರ ಹಳೆಯ ಶಿಷ್ಯ, ತುಂಬಿದ ಮನೆಯ ಯಜಮಾನ. ಪ್ರಶ್ನೆ ಕೇಳಿ ಸುಮ್ಮನಾಗುವ ಅಭ್ಯಾಸ ಅವನಿಗಿರಲಿಲ್ಲ.

"ತಪ್ಪಿದ್ದರೆ ತಿದ್ದಿಕೊಳ್ಳಲು ನಾನು ತಯಾರು. ಆದರೆ ನನಗೆ ಯಾರೂ ಏನೂ ಹೇಳುವುದಿಲ್ಲ. ಮನೆಯಲ್ಲಿ ನನ್ನ ಮಾತಿಗೆ ಎದುರು ಮಾತಿಲ್ಲ, ಅದು ನಿಮಗೂ ಗೊತ್ತು."

"ಗೊತ್ತು, ಗೊತ್ತು," ಎಂದರು ಅಜ್ಜನವರು. "ಕೂತುಕೋ. ಒಂದು ಲಾರಿಯ ಕತೆ ಹೇಳುತ್ತೇನೆ. ಮಠದಲ್ಲಿ ಲಾರಿಯ ಕತೆಯೇ ಎಂದು ಮುಖ ಸಿಂಡರಿಸಬೇಡ. ನಮ್ಮ ಬಾವಿಯ ನೀರು ಕುಡಿಯುವವರಲ್ಲಿ ಭಕ್ತರಿಗಿಂತ ಲಾರಿಯವರೇ ಹೆಚ್ಚು."

ಹೀಗೆಂದು ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ಅಣ್ಣ ತಮ್ಮ ಇಬ್ಬರಿದ್ದರು. ಇಬ್ಬರೂ ಡ್ರೈವರುಗಳು. ಇಬ್ಬರಿಗೂ ಸೇರಿ ಒಂದು ಲಾರಿ. ಹಗಲು ಅಣ್ಣ ಓಡಿಸುತ್ತಿದ್ದ, ತಮ್ಮ ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗುತ್ತಿದ್ದ. ಕತ್ತಲಾದರೆ ತಮ್ಮ ಓಡಿಸುತ್ತಿದ್ದ, ಅಣ್ಣ ಮಲಗುತ್ತಿದ್ದ. ಅಣ್ಣ ಹಿರಿಯ, ಅವನು ಹೇಳಿದ್ದೇ ಕೊನೆಯ ಮಾತು. ತಮ್ಮ ಬಹಳ ಒಳ್ಳೆಯವನು. ಒಳ್ಳೆಯವನು ಎಂದರೆ ಅಣ್ಣನ ಮುಂದೆ ತುಟಿ ಪಿಟಕ್ಕೆನ್ನದವನು. ನಮ್ಮ ಕಡೆ ಒಳ್ಳೆಯತನವೆಂದರೆ ಅದೇ ತಾನೆ!

ಲಾರಿ ಹೊಸದು, ಒಳಗೆ ಎಸಿ ಇತ್ತು. ನಮ್ಮ ಕಡೆಯ ಬೇಸಿಗೆಯ ಬಿಸಿಲನ್ನು ನಿನಗೆ ಬೇರೆ ವರ್ಣಿಸಬೇಕೇ? ಆ ಬಿಸಿಲಿನಲ್ಲೂ ತಮ್ಮ ಹಲಗೆಯ ಮೇಲೆ ಕೂಸಿನ ಹಾಗೆ ನಿದ್ದೆ ಮಾಡುತ್ತಿದ್ದ. ಕತ್ತಲಾಗುತ್ತಲೇ ಎದ್ದು, ಹಾಡು ಗುನುಗುತ್ತ ಸ್ಟಿಯರಿಂಗ್ ಹಿಡಿಯುತ್ತಿದ್ದ.

ಚಳಿ ಮುಗಿಯುವ ಹೊತ್ತಿಗೆ ಅವರ ತಾಯಿ ತೀರಿಕೊಂಡಳು. ಅಣ್ಣನಿಗೆ ಅವ್ವನೆಂದರೆ ಪ್ರಾಣ. ಅವನು ಒಂದು ದೊಡ್ಡ ತಗಡಿನ ಫಲಕ ಮಾಡಿಸಿದ. ನಡುವೆ ಅವ್ವನ ಚಿತ್ರ, ಕೆಳಗೆ 'ಅವ್ವನ ಆಶೀರ್ವಾದ' ಎಂಬ ಅಕ್ಷರ. ಯುಗಾದಿಯ ದಿನ ಲಾರಿ ತೊಳೆದು ಪೂಜೆ ಮಾಡಿ, ಆ ಫಲಕವನ್ನು ಲಾರಿಯ ಮುಂದುಗಡೆ, ಎದುರು ಬರುವವರಿಗೆಲ್ಲ ಕಾಣುವ ಹಾಗೆ, ತನ್ನ ಕೈಯಾರೆ ಬೋಲ್ಟು ಹಾಕಿ ಬಿಗಿದ. ಬಿಗಿಯುತ್ತ ಬಿಗಿಯುತ್ತ ಓಣಿಯವರೆಲ್ಲರ ಎದುರಿಗೆ ಗಳಗಳನೆ ಅತ್ತುಬಿಟ್ಟ. ನೋಡಿದವರ ಕಣ್ಣಲ್ಲೂ ನೀರು ಬಂತು.

ಆಮೇಲೆ ಬಿಸಿಲು ಏರಿತು. ಎಸಿ ಹಾಕಿದರೆ ಒಂದಿಷ್ಟು ಹೊತ್ತು ತಂಪು ಗಾಳಿ, ಮುಂದೆ ಬರೀ ಬಿಸಿ ಗಾಳಿ. ಇಂಜಿನ್ನೂ ತುಸು ಹೆಚ್ಚೇ ಕಾಯುತ್ತಿತ್ತು. ಬೇಸಿಗೆಯಲ್ಲವೇ, ಎಂದುಕೊಂಡ ಅಣ್ಣ. ಅವನಿಗೆ ಅದರಿಂದ ಅಂಥ ತೊಂದರೆಯೇನೂ ಆಗಲಿಲ್ಲ. ಹಗಲು ಕಿಟಕಿ ಇಳಿಸಿಕೊಂಡು ಓಡಿಸಿದರೆ ಮೈಗೆ ಗಾಳಿ ಬಡಿಯುತ್ತಿತ್ತು. ಅವನು ಮಲಗುವ ಹೊತ್ತಿಗೆ ಹೊರಗೇ ತಂಪಿರುತ್ತಿತ್ತು.

ಹಗಲು ಹಿಂದಿನ ಹಲಗೆಗೆ ಮಾತ್ರ ಗಾಳಿಯೇ ಇಲ್ಲ. ತಮ್ಮ ಅಲ್ಲಿ ಹಂಚಿನ ಮೇಲಿನ ರೊಟ್ಟಿಯ ಹಾಗೆ ಆ ಮಗ್ಗುಲು ಈ ಮಗ್ಗುಲು ಬೇಯುತ್ತಿದ್ದ. ಕತ್ತಲಾದರೆ ಕಣ್ಣಿಗೆ ನೀರು ಹಾಕಿಕೊಂಡು ಏಳುತ್ತಿದ್ದ.

"ನಿದ್ದೆ ಆಯಿತೇನೋ?" ಎಂದು ಅಣ್ಣ ಕೇಳುತ್ತಿದ್ದ.

"ಆಯಿತಣ್ಣ," ಎನ್ನುತ್ತಿದ್ದ ತಮ್ಮ.

ಅಣ್ಣ ನಂಬುತ್ತಿದ್ದ. ನಂಬುವುದು ಬಹಳ ಸುಖ, ರಾಚಪ್ಪ. ನಂಬಿದರೆ ತಾನು ಹಾಯಾಗಿ ಮಲಗಬಹುದು.

ಒಂದು ಬೆಳಗಿನ ಜಾವ ಲಾರಿ ರಸ್ತೆ ಬಿಟ್ಟು ಇಳಿಯಿತು. ಅಣ್ಣ ಹಲಗೆಯಿಂದ ಉರುಳಿ ಬಿದ್ದ. ಎದ್ದು ನೋಡಿದರೆ ಗಾಡಿ ಒಂದು ಹೊಲಕ್ಕೆ ನುಗ್ಗಿ, ಬದುವಿಗೆ ತಾಗಿ ನಿಂತಿತ್ತು. ಸ್ವಲ್ಪ ಮುಂದೆ ಸೇತುವೆ, ಅದರ ಕೆಳಗೆ ಬರೀ ಬಂಡೆ. ತಮ್ಮ ಸ್ಟಿಯರಿಂಗ್ ಹಿಡಿದೇ ತೂಕಡಿಸಿಬಿಟ್ಟಿದ್ದ. ಈಗ ಕಣ್ಣು ಬಿಟ್ಟು, ಏನಾಯಿತೆಂದು ತಿಳಿಯದೆ ಪಿಳಿಪಿಳಿ ನೋಡುತ್ತಿದ್ದ. ಅಣ್ಣ ಅವನ ಕೆನ್ನೆಗೆ ಬಾರಿಸಲು ಕೈಯೆತ್ತಿದ. ಹೊಡೆಯಲಾಗಲಿಲ್ಲ. ಬಾಚಿ ತಬ್ಬಿಕೊಂಡ. ಹಗಲಿನ ಸೆಕೆಗೆ ನಿದ್ದೆಯೇ ಹತ್ತುತ್ತಿಲ್ಲವೆಂದು ತಮ್ಮ ಆಗ ಒಪ್ಪಿಕೊಂಡ.

"ಈ ಹಾಳಾದ ಎಸಿ ಸರಿಯಾಗುವವರೆಗೆ ನೀನು ಗಾಡಿ ಹತ್ತಬೇಡ. ಅವ್ವ ಹೋದಳು, ನಿನ್ನನ್ನೂ ಕಳೆದುಕೊಂಡು ನಾನು ಇದ್ದು ಏನು ಮಾಡಲಿ?" ಎಂದ. ಸುಳ್ಳಲ್ಲ, ಅವನಿಗೆ ತಮ್ಮನ ಮೇಲೆ ಅಷ್ಟು ಮಮತೆ.

ಲೋಡು ಇಳಿಸಿ ಲಾರಿಯನ್ನು ಮನೆಯ ಮುಂದೆ ತಂದು ನಿಲ್ಲಿಸಿದ. ಮೆಕ್ಯಾನಿಕ್‌ನನ್ನು ಕರೆಸಬಾರದೇ ಎಂದಳು ಹೆಂಡತಿ. "ನನ್ನ ಗಾಡಿಯ ಹುಳುಕು ನನಗೆ ಗೊತ್ತಾಗದೆ ಇನ್ನೊಬ್ಬನಿಗೆ ಗೊತ್ತಾಗುತ್ತದೆಯೇ?" ಎಂದು ಅವಳ ಬಾಯಿ ಮುಚ್ಚಿಸಿದ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಕೆಲಸಕ್ಕೆ ಕೂತ.

ಫ್ಯೂಸ್ ತೆಗೆದು ನೋಡಿದ. ಸುಟ್ಟಿರಲಿಲ್ಲ. ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡಿದ, ಬಿಗಿಯಾಗಿಯೇ ಇತ್ತು. ಒಳಗೆ ಗಾಳಿ ಸೋಸುವ ಫಿಲ್ಟರ್ ಕಳಚಿ ಕೊಡವಿದರೆ ಅವರು ಸಾಗಿಸುತ್ತಿದ್ದ ತೊಗರಿಯ ಧೂಳು ಒಂದು ಬೊಗಸೆ ಬಿತ್ತು. "ಸಿಕ್ಕಿತು ಕಳ್ಳ!" ಎಂದು ಕುಣಿದಾಡಿದ. ಫಿಲ್ಟರ್ ತೊಳೆದು ಹಾಕಿದರೆ ಏನಾಯಿತು ಬಲ್ಲೆಯಾ? ಬಿಸಿ ಗಾಳಿ ಇನ್ನೂ ಜೋರಾಗಿ ಬಂತು. ಗ್ಯಾಸ್ ಸೋರುತ್ತಿರಬಹುದೆಂದು ಸೋಪಿನ ನೊರೆ ಮಾಡಿ ಕೊಳವೆಯ ಗಂಟುಗಂಟಿಗೂ ಹಚ್ಚಿದ. ಒಂದು ಗುಳ್ಳೆಯೂ ಏಳಲಿಲ್ಲ. ತಮ್ಮ ಪಕ್ಕದಲ್ಲೇ ನಿಂತು ಬೋಲ್ಟು ತಿರುಗಿಸುವ ಪಾನಾಗಳಲ್ಲಿ ಕೇಳಿದ್ದನ್ನು ಕೈಗೆ ಕೊಡುತ್ತಿದ್ದ. ಅವನ ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು.

ಓಣಿಯವರು ಬಂದರು. ಬಂದವರೆಲ್ಲ ಮೊದಲು ಅವ್ವನ ಚಿತ್ರಕ್ಕೆ ಕೈ ಮುಗಿದರು. ಆಮೇಲೆ ಬುದ್ಧಿ ಹೇಳಿದರು. ಕಂಪ್ರೆಸರ್ ಹೋಗಿದೆ, ಹೊಸದು ಹಾಕಿಸು ಎಂದ ಒಬ್ಬ. ಹೊಸ ಗಾಡಿಗೆ ಯಾರದೋ ಕಣ್ಣು ಬಿದ್ದಿದೆ, ನಿಂಬೆಹಣ್ಣು ಇಳಿಸು ಎಂದ ಇನ್ನೊಬ್ಬ. ಪುಕ್ಕಟೆ ಬುದ್ಧಿಗೆ ನಮ್ಮಲ್ಲಿ ಎಂದಾದರೂ ಬರ ಬಂದಿದೆಯೇ!

ಇಲ್ಲಿ ರಾಚಪ್ಪನಿಗೆ ತಡೆಯಲಾಗಲಿಲ್ಲ. "ಅಷ್ಟೆಲ್ಲ ನೋಡಿದ ಮೇಲೂ ಸಿಗಲಿಲ್ಲವೇ?" ಎಂದ.

"ಎಲ್ಲಿ ಸಿಗಬೇಕು?" ಎಂದರು ಅಜ್ಜನವರು. "ಅವನು ಕೆಟ್ಟಿದ್ದನ್ನು ಹುಡುಕುತ್ತಿದ್ದ. ಆ ಲಾರಿಯಲ್ಲಿ ಕೆಟ್ಟಿದ್ದು ಯಾವುದೂ ಇರಲಿಲ್ಲ."

ಕತೆ ಮುಂದುವರಿಯಿತು.

ಕೊನೆಗೆ ಅಣ್ಣ ಸುಸ್ತಾಗಿ ಕೂತು ತಮ್ಮನನ್ನು ಕೇಳಿದ, "ಇದು ಯಾವಾಗಿನಿಂದ ಹೀಗಾಯಿತೋ?"

"ಯುಗಾದಿ ಆದಮೇಲಿಂದ, ಅಣ್ಣ."

"ಯುಗಾದಿಗೆ ನಾವೇನು ಮಾಡಿದೆವು?"

ತಮ್ಮ ನೆಲ ನೋಡಿದ. "ತೊಳೆದು ಪೂಜೆ ಮಾಡಿದೆವು."

"ಪೂಜೆ ಮಾಡಿದರೆ ಎಸಿ ಕೆಡುತ್ತದೇನೋ, ದಡ್ಡ!" ಎಂದು ಅಣ್ಣ ಎದ್ದುಬಿಟ್ಟ. ನೋಡು, ಬಾಗಿಲವರೆಗೆ ಬಂದವನು ಹೊಸಿಲು ದಾಟಲಿಲ್ಲ.

ಆಗ ಅವನಿಗೆ ಇನ್ನೊಂದು ವಿಷಯ ನೆನಪಾಯಿತು. ಎಸಿಯ ಬಿಸಿಯನ್ನು ಹೊರಗೆ ಬಿಡುವ ಒಂದು ಜಾಲರಿ ಲಾರಿಯ ಮುಂಭಾಗದಲ್ಲಿರುತ್ತದೆ. ಓಡುವಾಗ ಎದುರು ಗಾಳಿ, ನಿಂತಾಗ ಫ್ಯಾನು ಎಳೆದ ಗಾಳಿ ಬಡಿದು ಅದು ಆರಬೇಕು. ಅದಕ್ಕೆ ಕೊಳೆ ಕಟ್ಟಿದ್ದರೆ ತಂಪು ನಿಲ್ಲುತ್ತದೆ, ನೀರು ಎರಚಿದರೆ ತಂಪು ಮರಳುತ್ತದೆ. ತಮ್ಮನನ್ನು ಒಳಗೆ ಕೂರಿಸಿ ಇಂಜಿನ್ ಚಾಲೂ ಮಾಡಿಸಿದ. ಕೊಡ ತುಂಬಿ ತಂದು, ಮುಂದೆ ನಿಂತು, ಬೀಸಿ ಎರಚಿದ.

ನೀರು ಫಲಕಕ್ಕೆ ಬಡಿದು ತಿರುಗಿ ಅವನ ಎದೆಯ ಮೇಲೇ ಬಿತ್ತು. ಜಾಲರಿಗೆ ಒಂದು ಹನಿಯೂ ಹೋಗಲಿಲ್ಲ. ಎರಚಿದ ನೀರೇ ಹೋಗದ ಕಡೆ ಗಾಳಿ ಹೇಗೆ ಹೋದೀತು?

ಅಣ್ಣ ಖಾಲಿ ಕೊಡ ಹಿಡಿದು ನಿಂತೇ ಇದ್ದ. ತಲೆಯೆತ್ತಿ ಗಾಜಿನ ಆಚೆ ನೋಡಿದ. ತಮ್ಮ ಗಾಬರಿಯಾಗಿರಲಿಲ್ಲ, ಆಶ್ಚರ್ಯವನ್ನೂ ಪಟ್ಟಿರಲಿಲ್ಲ. ಇಂಜಿನ್ ನಿಲ್ಲಿಸಿ, ತಲೆ ತಗ್ಗಿಸಿಕೊಂಡು ಕೆಳಗೆ ಇಳಿದು ಬಂದ.

"ನಿನಗೆ ಗೊತ್ತಿತ್ತೇನೋ?"

"ಗೊತ್ತಿತ್ತು."

"ಎಷ್ಟು ದಿನದಿಂದ?"

"ಮೊದಲಿನಿಂದಲೂ."

"ಸಾಯುತ್ತಿದ್ದೆಯಲ್ಲೋ! ಇಬ್ಬರೂ ಸಾಯುತ್ತಿದ್ದೆವಲ್ಲೋ! ಬಾಯಿ ಬಿಟ್ಟು ಹೇಳಲು ಏನಾಗಿತ್ತು ನಿನಗೆ?"

"ಅವ್ವನ ಚಿತ್ರ ಅಣ್ಣ ಅದು. ಕಟ್ಟುವಾಗ ನೀನು ಹೇಗೆ ಅತ್ತೆ, ನಾನು ನೋಡಿದ್ದೇನೆ. ಅದನ್ನು ತೆಗೆ ಎಂದು ಯಾವ ಬಾಯಲ್ಲಿ ಹೇಳಲಿ? ಹೇಳಿದ್ದರೆ ನೀನು ಕೇಳುತ್ತಿದ್ದೆಯಾ?"

ಅಣ್ಣ ಉತ್ತರ ಹುಡುಕಿದ. ಕೇಳುತ್ತಿದ್ದೆ ಎನ್ನಲು ಬಾಯಿ ತೆರೆದ. ಆದರೆ ತಮ್ಮನ ಮುಖ ನೋಡಿಕೊಂಡು ಸುಳ್ಳು ಹೇಳಲಾಗಲಿಲ್ಲ. ಅಲ್ಲೇ ಕೆಸರಿನಲ್ಲಿ ಕುಸಿದು ಕೂತ. ಯುಗಾದಿಯ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತ. ಈ ಸಲ ಓಣಿಯವರು ಚದುರಿದ್ದರು, ತಮ್ಮನ ಹೊರತು ನೋಡುವವರು ಯಾರೂ ಇರಲಿಲ್ಲ.

ಆಮೇಲೆ ಎದ್ದು, "ಪಾನಾ ಕೊಡು," ಎಂದ. "ಅವ್ವ ಇದ್ದಿದ್ದರೆ ಈ ತಗಡಿನಿಂದಲೇ ನನ್ನ ಬೆನ್ನಿಗೆ ಬಾರಿಸುತ್ತಿದ್ದಳು."

ಬೋಲ್ಟುಗಳನ್ನು ತಾನೇ ಬಿಚ್ಚಿದ. ಫಲಕವನ್ನು ಸೆರಗಿನಿಂದ ಒರೆಸಿ ದೇವರ ಮನೆಯಲ್ಲಿಡು ಎಂದು ಹೆಂಡತಿಯ ಕೈಗೆ ಕೊಟ್ಟ. ಇಂಜಿನ್ ಚಾಲೂ ಮಾಡಿ ಒಳಗೆ ಕೂತ. ಸ್ವಲ್ಪ ಹೊತ್ತಿನಲ್ಲೇ ತಂಪು ಗಾಳಿ ಬಂತು, ಬರುತ್ತಲೇ ಇತ್ತು. ಹಿಂದಿನ ಹಲಗೆಗೂ ಬರುತ್ತದೆಯೋ ನೋಡು ಎಂದು ತಮ್ಮನನ್ನು ಹತ್ತಿಸಿದ. ತಮ್ಮ ನೋಡಲೆಂದು ಅಡ್ಡಾದ. "ಬರುತ್ತದೆ," ಎಂದಷ್ಟೇ ಹೇಳಿದ. ಅಣ್ಣ ತಿರುಗಿ ನೋಡುವಷ್ಟರಲ್ಲಿ ಅವನು ನಿದ್ದೆ ಹೋಗಿದ್ದ.

ಅಣ್ಣ ಇಂಜಿನ್ ನಿಲ್ಲಿಸಲಿಲ್ಲ. ಊಟಕ್ಕೆ ಕರೆಯಲು ಹೆಂಡತಿ ಬಂದರೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಎಲ್ಲಿಗೂ ಹೋಗದ ಲಾರಿಯ ಸ್ಟಿಯರಿಂಗ್ ಹಿಡಿದು, ಹೊತ್ತು ಇಳಿಯುವವರೆಗೆ ಹಾಗೇ ಕೂತಿದ್ದ.

ಅಜ್ಜನವರು ಕತೆ ನಿಲ್ಲಿಸಿ ಚೊಂಬಿನಿಂದ ಒಂದು ಗುಟುಕು ನೀರು ಕುಡಿದರು.

ರಾಚಪ್ಪ ನಿಟ್ಟುಸಿರು ಬಿಟ್ಟ. "ಏನೇ ಅನ್ನಿ ಅಜ್ಜಾರೇ, ತಪ್ಪು ತಮ್ಮನದೇ. ಅವನು ಮೊದಲೇ ಹೇಳಬೇಕಿತ್ತು," ಎಂದ.

"ಅದು ಅವರ ಮನೆಯ ಮಾತು. ನಿನ್ನ ಮನೆಯಲ್ಲಿ ಈಗ ಯಾರಿಗೆ ನಿದ್ದೆ ಬರುತ್ತಿಲ್ಲ, ರಾಚಪ್ಪ?"

ರಾಚಪ್ಪ ಎದ್ದು, ಚಪ್ಪಲಿ ಮೆಟ್ಟಿಕೊಂಡು ಮನೆಯ ಕಡೆ ಹೊರಟ.