ಕುಲಾವಿ ಮತ್ತು ಅವಸರದ ನಕ್ಷತ್ರ

ಶ್ರಾವಣ ಇನ್ನೂ ಮುಗಿದಿರಲಿಲ್ಲ. ಚೆನ್ನಬಸಣ್ಣ ತನ್ನ ಅಂಗಡಿಯ ಬಾಗಿಲಿಗೆ ಕ್ರಿಸ್‌ಮಸ್‌ನ ಕೆಂಪು ಕಾಗದದ ನಕ್ಷತ್ರವನ್ನು ತೂಗುಹಾಕಿದ. ಪಕ್ಕದ ಮೊಳೆಯಲ್ಲಿದ್ದ ಹಸುಗೂಸಿನ ಕುಲಾವಿಗೆ ಕುತೂಹಲವಾಯಿತು.

"ತಾವು ಬಂದ ಕಾರಣ?" ಎಂದು ಅದು ಕೇಳಿತು.

"ಒಂದು ಕೂಸು ಹುಟ್ಟಿದೆಯೆಂದು ಊರಿಗೆ ಸಾರುವುದಕ್ಕೆ," ಎಂದಿತು ನಕ್ಷತ್ರ.

"ಹೌದೇ! ಯಾವಾಗ ಹುಟ್ಟಿತು?"

"ಇನ್ನೂ ಇಲ್ಲ. ಡಿಸೆಂಬರಿನಲ್ಲಿ."

ಕುಲಾವಿ ನಕ್ಕುಬಿಟ್ಟಿತು. "ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಜನ ನನ್ನನ್ನೇ ಆಡಿಕೊಳ್ಳುತ್ತಾರೆ. ತಾವು ನನ್ನನ್ನೂ ಮೀರಿಸಿದಿರಿ."

ಅಷ್ಟರಲ್ಲಿ ಅತ್ತೆಯೊಡನೆ ಬಂದ ಬಸುರಿಯೊಬ್ಬಳು ಕುಲಾವಿಗೆ ಕೈಹಾಕಿದಳು.

"ಈಗಲೇ ಬೇಡ ಕಣಮ್ಮ, ಮೊದಲು ಕೂಸು ಕೈಗೆ ಬರಲಿ," ಎಂದು ಅತ್ತೆ ತಡೆದಳು.

"ಬೇಡವೆಂದರಲ್ಲ, ನಿಮಗೆ ಬೇಸರವಿಲ್ಲವೇ?" ನಕ್ಷತ್ರ ಕೇಳಿತು.

"ಬೇಡವೆನ್ನಲಿಲ್ಲ, ಈಗಲೇ ಬೇಡವೆಂದರು," ಎಂದಿತು ಕುಲಾವಿ.

ದೀಪಾವಳಿಯ ಹೊತ್ತಿಗೆ ನಕ್ಷತ್ರದ ಕೆಂಪು ಬಣ್ಣ ಬಿಸಿಲಿಗೆ ಬಿಳಿಚಿಕೊಂಡಿತು. ಅದನ್ನು ನೋಡಿ ನೋಡಿ ಸಾಕಾದ ಗಿರಾಕಿಗಳು ತಲೆಯೆತ್ತುವುದನ್ನೇ ಬಿಟ್ಟರು.

ಕ್ರಿಸ್‌ಮಸ್‌ನ ಹಿಂದಿನ ದಿನ ಅತ್ತೆ ಓಡೋಡಿ ಬಂದಳು. "ಮೊಮ್ಮಗಳು ಹುಟ್ಟಿದಳು! ಆ ಕುಲಾವಿ ಕೊಡಪ್ಪ."

ಚೆನ್ನಬಸಣ್ಣ ಕುಲಾವಿಯನ್ನು ಇಳಿಸಿಕೊಟ್ಟ. ಹಾಗೆಯೇ ನಕ್ಷತ್ರವನ್ನೂ ಇಳಿಸಿ ಡಬ್ಬಕ್ಕೆ ತುರುಕಿ, ಅದೇ ಮೊಳೆಗೆ ಸಂಕ್ರಾಂತಿಯ ಎಳ್ಳುಬೆಲ್ಲದ ಪೊಟ್ಟಣಗಳನ್ನು ನೇತುಹಾಕಿದ.

"ತಡೆಯಿರಿ, ನನ್ನ ಕೂಸು ಹುಟ್ಟುವುದು ನಾಳೆ!" ಎಂದು ನಕ್ಷತ್ರ ಡಬ್ಬದೊಳಗಿಂದ ಕೂಗಿತು.

"ಯಾವ ಕೂಸು?" ಎಂದಿತು ಎಳ್ಳುಬೆಲ್ಲ.